ಪ್ರಶ್ನೆ ಸಂಖ್ಯೆ ೨೬೩

ನವೆಂಬರ್ ೧೯, ೧೯೯೬, ಮಂಗಳವಾರ

ಇದು ನಮ್ಮ ವೇಕರಿಯಾ ಎಂಜಿನ್ಸ್ ಕಂಪನಿಯ ಡೈರಿ. ಹದಿನೆಂಟು ವರ್ಷದಿಂದ ಪ್ರತಿ ದೀಪಾವಳಿಗೆ ಇದನ್ನು ಅಚ್ಚು ಹಾಕಿಸಿ ಡೀಲರುಗಳಿಗೆ ಹಂಚಿದ್ದೇನೆ. ಒಂದು ಪುಟವನ್ನೂ ನಾನು ಬರೆದವನಲ್ಲ. ಬರೆಯಲು ಪುರುಸೊತ್ತು ಇರಲಿಲ್ಲ, ಹೇಳಿಕೊಳ್ಳಲು ಜನ ಇದ್ದರು. ಇಲ್ಲಿ ಎರಡೂ ತಿರುವುಮುರುವಾಗಿದೆ.

ಬೆಳಿಗ್ಗೆ ದಿಲ್ಲಿಗೆ ಬಂದಿಳಿದೆ. ಸೌತ್ ಅವೆನ್ಯೂದಲ್ಲಿ ಸಂಸದರ ಫ್ಲಾಟು ಕೊಟ್ಟಿದ್ದಾರೆ. ನಾಲ್ಕು ಕೋಣೆ, ಹದಿನಾರು ಕುರ್ಚಿ. ಅಡುಗೆಗೆ ಬಿಶನ್ ಸಿಂಗ್ ಅಂತ ಗಢವಾಲದವನೊಬ್ಬ. ನಮ್ಮ ಗುಜರಾತಿನ ಹಾಗೆ ದಾಲ್‌ಗೆ ಬೆಲ್ಲ ಹಾಕಪ್ಪಾ ಅಂದರೆ, ಕಾಯಿಲೆಯವನು ಏನೋ ಬಡಬಡಿಸಿದ ಅನ್ನುವ ಹಾಗೆ ನೋಡಿದ.

ರಾಜ್‌ಕೋಟ್ ಸ್ಟೇಷನ್ನಿನಲ್ಲಿ ಮುನ್ನೂರು ಜನ ಸೇರಿದ್ದರು. ಹಾರದ ಭಾರಕ್ಕೆ ಕತ್ತು ನೋಯುತ್ತಿದೆ. ಮಗ ಜಿತೇಶ ಎಲ್ಲರಿಗೂ ಪೇಡಾ ಹಂಚುತ್ತಿದ್ದ. ಪಕ್ಷದವರು ಮನೆಗೆ ಬಂದು ರಾಜ್ಯಸಭೆಗೆ ನಿಲ್ಲಿ ಅಂದಾಗ, "ಹೋಗಿ ಪಪ್ಪಾ, ಕಾರ್ಖಾನೆ ನಾನು ನೋಡ್ಕೋತೀನಿ" ಅಂತ ಮೊದಲು ಹೇಳಿದವನು ಅವನೇ. ಅಷ್ಟು ಬೇಗ ಹೇಳಿದ್ದು ನನಗೆ ಹಿಡಿಸಿರಲಿಲ್ಲ. ಹೆಂಡತಿ ಮುಕ್ತಾ ಇದ್ದಿದ್ದರೆ ಬೇಡ ಅನ್ನುತ್ತಿದ್ದಳೇನೋ. ಅವಳು ಹೋಗಿ ಮೂರು ವರ್ಷವಾಯಿತು.

ಪರಸೋತ್ತಮ ಮಿಸ್ತ್ರಿ ಜನರ ಹಿಂದೆ, ತೂಕದ ಯಂತ್ರಕ್ಕೆ ಒರಗಿ ನಿಂತಿದ್ದರು. ಇಪ್ಪತ್ತೆಂಟು ವರ್ಷದ ಹಿಂದೆ ಭಕ್ತಿನಗರದ ಬಾಡಿಗೆ ಶೆಡ್ಡಿನಲ್ಲಿ ನಾವಿಬ್ಬರೇ ಇದ್ದದ್ದು. ಮೊದಲ ಎಂಟು ಅಶ್ವಶಕ್ತಿಯ ಎಂಜಿನ್ನಿಗೆ ಮರದ ಅಚ್ಚು ಕೆತ್ತಿದ್ದು ಅವರು, ಮರಳಿನಲ್ಲಿ ಕೂರಿಸಿದ್ದು ಅವರು, ಕಬ್ಬಿಣ ಹೊಯ್ದದ್ದು ಇಬ್ಬರೂ. ಈಗ ಏಳುನೂರು ಜನ ಕೆಲಸಕ್ಕಿದ್ದಾರೆ. ಮಿಸ್ತ್ರಿಗೆ ಹತ್ತು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ. ನಾನೇ ಜನರನ್ನು ಸರಿಸಿ ಅವರ ಹತ್ತಿರ ಹೋದೆ.

"ಅಲ್ಲಿ ಒಂದು ಮಾತು ಕೇಳ್ತೀರಾ ಜಾದವಭಾಯ್?"

"ಏನು ಹೇಳಿ."

"ನಮ್ಮೋರು ಸತ್ತಾಗ ಡಾಕ್ಟ್ರು ಕ್ಷಯ ಅಂತ ಬರೀತಾರೆ. ಕ್ಷಯ ಅಂದ್ರೆ ಅವರವರ ಹಣೆಬರಹ, ಕಾರ್ಖಾನೆಗೆ ಸಂಬಂಧ ಇಲ್ಲ. ಅದು ಕ್ಷಯ ಅಲ್ಲ, ಎದೆಗೆ ಇಳಿದ ಮರಳು. ನಿಮಗೂ ಗೊತ್ತು, ನನಗೂ ಗೊತ್ತು. ದಿಲ್ಲೀಲಿ ಯಾರಿಗಾದ್ರೂ ಗೊತ್ತಾ ಅಂತ ಕೇಳಿ."

ಕೇಳ್ತೀನಿ ಅಂದೆ. ಅಷ್ಟರಲ್ಲಿ ಗಾಡಿ ಕೂಗಿತು.

ನವೆಂಬರ್ ೨೦, ಬುಧವಾರ

ಪ್ರಮಾಣವಚನ ಆಯಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಸಹಿ ಹಾಕಿ ಬಂದು ಕೂತೆ. ಕೊನೆಯ ಸಾಲಿನ ಕೊನೆಯ ಕುರ್ಚಿ, ಕಂಬದ ಪಕ್ಕ.

ಪಕ್ಕದವರು ಕೈ ಕುಲುಕಿ "ಯಾವ ಊರು?" ಅಂದರು. ಹೇಳಿದೆ. "ಯಾವ ಉದ್ಯೋಗ?" ಅಂದರು. ಡೀಸೆಲ್ ಎಂಜಿನ್, ಎರಕದ ಕಾರ್ಖಾನೆ ಅಂದೆ. "ಒಳ್ಳೇದು" ಅಂದು ಪತ್ರಿಕೆ ತೆರೆದರು. ಆಮೇಲೆ ನನ್ನ ಕಡೆ ತಿರುಗಲಿಲ್ಲ.

ನವೆಂಬರ್ ೨೨, ಶುಕ್ರವಾರ

ಪ್ರಶ್ನೆ ಬರೆದುಕೊಟ್ಟೆ. ಕಳೆದ ಐದು ವರ್ಷಗಳಲ್ಲಿ ಎರಕದ ಕಾರ್ಖಾನೆಗಳ ಎಷ್ಟು ಕಾರ್ಮಿಕರ ಸಾವನ್ನು ಕ್ಷಯ ಎಂದು ದಾಖಲಿಸಲಾಗಿದೆ, ಅವರಲ್ಲಿ ಎಷ್ಟು ಜನರ ಶ್ವಾಸಕೋಶದಲ್ಲಿ ಮರಳಿತ್ತೇ ಎಂದು ಪರೀಕ್ಷಿಸಲಾಗಿದೆ, ಪರೀಕ್ಷಿಸದಿದ್ದರೆ ಏಕಿಲ್ಲ. ಮೂರು ಸಲ ತಿದ್ದಿದೆ. ಗುಮಾಸ್ತ ಓದಿ, "ಸರ್, ಎಂಟು ಸಾಲು ಇದ್ದದ್ದನ್ನ ನಾಲ್ಕು ಮಾಡಿದ್ದೀರಿ, ಹೊಸಬರು ಹೀಗೆ ಮಾಡಲ್ಲ" ಅಂದ. ಎಂಜಿನ್ ಮಾಡುವವನಿಗೆ ಬೇಡದ ಲೋಹ ಕಡಿಯುವುದು ಗೊತ್ತು ಅಂದೆ. ನಕ್ಕ. ಇಲ್ಲಿಗೆ ಬಂದಮೇಲೆ ನನ್ನ ಮಾತಿಗೆ ನಕ್ಕ ಮೊದಲ ಮನುಷ್ಯ ಅವನು.

ನಕ್ಷತ್ರ ಹಾಕಿದ ಪ್ರಶ್ನೆಗೆ ಸಚಿವರು ಸಭೆಯಲ್ಲೇ ಎದ್ದು ಉತ್ತರ ಕೊಡಬೇಕು. ಆದರೆ ಚೀಟಿ ಎತ್ತುತ್ತಾರೆ. ನೂರಾರು ಪ್ರಶ್ನೆಯಲ್ಲಿ ದಿನಕ್ಕೆ ಇಪ್ಪತ್ತು. ಅದೃಷ್ಟ ಬೇಕು.

ನವೆಂಬರ್ ೨೬, ಮಂಗಳವಾರ

ಇವತ್ತು ಅಲ್ಲಿ ಕುಲುಮೆ ಹೊತ್ತಿಸುವ ದಿನ. ಮಂಗಳವಾರ, ಶುಕ್ರವಾರ. ಇಷ್ಟು ವರ್ಷದಲ್ಲಿ ಕಬ್ಬಿಣ ಹೊಯ್ಯುವಾಗ ನಾನು ಅಂಗಳದಲ್ಲಿ ಇಲ್ಲದ ದಿನ ಬೆರಳೆಣಿಕೆ. ಕಬ್ಬಿಣ ಹರಿಯುವಾಗ ಯಾರೂ ಜಾಗ ಬಿಡಬಾರದು, ಮನೆಗೆ ಬೆಂಕಿ ಬಿದ್ದಿದೆ ಅಂದರೂ ಬಿಡಬಾರದು. ಅದು ಮಿಸ್ತ್ರಿಯ ಕಟ್ಟಳೆ, ನನಗೂ ಸೇರಿ. ಸಂಜೆ ನಾಲ್ಕಕ್ಕೆ ಫೋನ್ ಮಾಡಿ "ಹೇಗೆ ಬಂತು?" ಅಂದೆ. ಜಿತೇಶ, "ಚೆನ್ನಾಗಿ ಬಂತು ಪಪ್ಪಾ, ನೀವು ಅದನ್ನೆಲ್ಲ ತಲೇಲಿ ಇಟ್ಕೋಬೇಡಿ" ಅಂದ. ತಲೆಯಲ್ಲಿ ಬೇರೆ ಏನಿಟ್ಟುಕೊಳ್ಳಲಿ ಅಂತ ಅವನು ಹೇಳಲಿಲ್ಲ.

ನಮ್ಮೂರಲ್ಲಿ ಒಂದರಿಂದ ನಾಲ್ಕರವರೆಗೆ ಅಂಗಡಿ ಬಾಗಿಲು ಹಾಕಿ ಇಡೀ ಊರು ಮಲಗುತ್ತದೆ. ಅರವತ್ತೊಂದು ವರ್ಷದ ಅಭ್ಯಾಸ ದಿಲ್ಲಿಗೆ ಬಂದರೆ ಹೋಗುತ್ತದೆಯೇ? ಸಂಸತ್ತಿನ ಸೆಂಟ್ರಲ್ ಹಾಲಿನ ಸೋಫಾದಲ್ಲಿ ಊಟವಾದಮೇಲೆ ಕಣ್ಣು ಮುಚ್ಚಿದೆ. ಎದ್ದಾಗ ಮೂರೂವರೆ. ಸುತ್ತಲಿನ ಮೇಜುಗಳಲ್ಲಿ ಎಲ್ಲರೂ ಗುಂಪುಗುಂಪಾಗಿ ಕಾಫಿ ಕುಡಿಯುತ್ತಿದ್ದರು. ಗೊರಕೆ ಹೊಡೆದೆನೋ ಏನೋ. ಹೊಡೆದಿದ್ದರೂ ಹೇಳುವವರು ಯಾರೂ ಇರಲಿಲ್ಲ.

ನವೆಂಬರ್ ೨೯, ಶುಕ್ರವಾರ

ಚಳಿ. ಇವತ್ತು ಲಿಫ್ಟಿನವನ ಜೊತೆ ಬಿಟ್ಟರೆ ಯಾರ ಜೊತೆಯೂ ಮಾತಾಡಿಲ್ಲ. ಅವನಿಗೂ ಎರಡೇ ಮಹಡಿ.

ಡಿಸೆಂಬರ್ ೨, ಸೋಮವಾರ

ಚೀಟಿ ಎದ್ದಿದೆ. ಹತ್ತನೇ ತಾರೀಖು, ಮಂಗಳವಾರ, ಪ್ರಶ್ನೆ ಸಂಖ್ಯೆ ೨೬೩. ಆ ದಿನದ ಮೂರನೆಯ ಪ್ರಶ್ನೆ, ಬಂದೇ ಬರುತ್ತದೆ. ಆ ವಾರ ಟೀವಿಯಲ್ಲಿ ನೇರವಾಗಿ ನಮ್ಮ ಸಭೆಯನ್ನೇ ತೋರಿಸುವುದು.

ಮಿಸ್ತ್ರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಮಗಳು ಹಂಸಾ. ಮಿಸ್ತ್ರಿ ಬಂದು ಉಸಿರು ಕೂಡಿಸಿಕೊಳ್ಳುವವರೆಗೆ ಕಾದೆ.

"ಹನ್ನೊಂದು ಗಂಟೆಗಾ?"

"ಹನ್ನೊಂದೂಕಾಲಿನ ಸುಮಾರಿಗೆ ಬರುತ್ತೆ."

"ಅವತ್ತು ಕುಲುಮೆ ದಿನ."

"ಹೌದಲ್ಲ."

"ಮಧ್ಯಾಹ್ನ ಹೊತ್ತಿಸ್ತೀವಿ ಬಿಡಿ. ಒಂದಿನ ಕಬ್ಬಿಣ ಕಾಯ್ಲಿ."

ಕುಲುಮೆಯನ್ನು ಯಾವುದಕ್ಕೂ ಕಾಯಿಸಿದವರಲ್ಲ ಅವರು. ಫೋನ್ ಇಟ್ಟಮೇಲೆ ಕೋಣೆಯಿಂದ ಕೋಣೆಗೆ ಸುಮ್ಮನೆ ಓಡಾಡಿದೆ. ಖುಷಿಯಾಗಿತ್ತು.

ಡಿಸೆಂಬರ್ ೪, ಬುಧವಾರ

ಇವತ್ತು ಒಂದು ವಿಶೇಷ. ಸೋಫಾದ ಮೇಲೆ ಮಲಗಿದ್ದವನನ್ನು ಯಾರೋ ಮೆಲ್ಲಗೆ ತಟ್ಟಿ ಎಬ್ಬಿಸಿದರು. "ಏಳಿ ವೇಕರಿಯಾ ಸಾಹೇಬ್ರೇ, ಸೌರಾಷ್ಟ್ರದ ಬಿಸಿಲು ಇಲ್ಲಿಲ್ಲ, ನೆಗಡಿ ಆಗುತ್ತೆ. ಬನ್ನಿ, ಕಾಫಿ ಕುಡಿಯೋಣ." ರಾಯ್‌ಜಾದಾ ಸಾಹೇಬರು. ಮೇರಠ್ ಕಡೆಯ ಸಕ್ಕರೆ ಕಾರ್ಖಾನೆಯ ಮನೆತನ, ಮೂರನೆಯ ಅವಧಿ. ಅವರ ಮೇಜೆಂದರೆ ಸೆಂಟ್ರಲ್ ಹಾಲಿನಲ್ಲಿ ಎಲ್ಲರಿಗೂ ಗೊತ್ತು. ಐದಾರು ಜನ ಯಾವಾಗಲೂ ಇರುತ್ತಾರೆ. ಕುರ್ಚಿ ಎಳೆದು ಜಾಗ ಮಾಡಿದರು.

"ಇವರೂ ನಮ್ಮ ಹಾಗೇ ಕಪ್ಪು ಕೈಯವರು. ನಾವು ಸಕ್ಕರೆಗೆ ಕಪ್ಪು ಮಾಡ್ಕೊಂಡ್ವಿ, ಇವರು ಕಬ್ಬಿಣಕ್ಕೆ" ಅಂತ ಪರಿಚಯ ಮಾಡಿಸಿದರು. ಎಲ್ಲರೂ ನಕ್ಕರು. ಬಾಡಿಗೆ ಶೆಡ್ಡಿನ ಕಥೆ ಹೇಳಿದೆ. ಮೊದಲ ಎಂಜಿನ್ ಶುರುವಾಗದೆ, ಮಿಸ್ತ್ರಿ ಅದನ್ನು ಒದ್ದು, ಅದು ಶುರುವಾಗಿ ನಿಲ್ಲಿಸಲು ಬಾರದೆ ನಾವಿಬ್ಬರೂ ಅಂಗಳದಿಂದ ಓಡಿದ್ದನ್ನು ಹೇಳಿದೆ. ರಾಯ್‌ಜಾದಾ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಎರಡು ಗಂಟೆ ಹೋದದ್ದೇ ತಿಳಿಯಲಿಲ್ಲ.

ಡಿಸೆಂಬರ್ ೭, ಶನಿವಾರ

ರಾಯ್‌ಜಾದಾರ ಬಂಗಲೆಯಲ್ಲಿ ಮಧ್ಯಾಹ್ನದ ಊಟ, ಆಮೇಲೆ ಹುಲ್ಲಿನ ಮೇಲೆ ಬಿಸಿಲಲ್ಲಿ ಇಸ್ಪೀಟು. ನನಗೋಸ್ಕರ ದಾಲ್‌ಗೆ ಬೆಲ್ಲ ಹಾಕಿಸಿದ್ದರು. ಕೇಳಿದ್ದೂ ಇಲ್ಲ, ಯಾವಾಗಲೋ ಹೇಳಿದ್ದು ನೆನಪಿಟ್ಟುಕೊಂಡಿದ್ದರು. ಅವರ ಹೆಂಡತಿ "ಭಾಯ್‌ಸಾಬ್, ಇನ್ನೊಂದು ಸೌಟು" ಅಂದರು. ಮೂರು ವರ್ಷದಿಂದ ಆ ಮಾತು ನನಗೆ ಯಾರೂ ಹೇಳಿರಲಿಲ್ಲ. ಇವತ್ತು ಚಳಿ ಅಷ್ಟಾಗಿ ಅನ್ನಿಸಲಿಲ್ಲ.

ಡಿಸೆಂಬರ್ ೮, ಭಾನುವಾರ

ರಾಯ್‌ಜಾದಾ ಬೆಳಿಗ್ಗೆ ವಾಕಿಂಗ್ ಮುಗಿಸಿ ನನ್ನ ಫ್ಲಾಟಿಗೇ ಬಂದರು. ಹದಿನಾರು ಕುರ್ಚಿಯಲ್ಲಿ ಒಂದಕ್ಕಾದರೂ ಕೆಲಸ ಸಿಕ್ಕಿತು. ನಮ್ಮೂರಿನ ಕಡಲೆಹಿಟ್ಟಿನ ಗಾಠಿಯಾ ಕೊಟ್ಟೆ, ಖುಷಿಯಿಂದ ತಿಂದರು. ಕೈ ಒರೆಸಿಕೊಂಡು, "ಮಂಗಳವಾರ ನಿಮ್ಮದೊಂದು ಪ್ರಶ್ನೆ ಇದೆಯಲ್ಲ" ಅಂದರು.

"ಇದೆ."

"ಒಳ್ಳೇ ಪ್ರಶ್ನೆ. ಆದ್ರೆ ಸಚಿವರ ಹತ್ರ ಉತ್ತರ ಇಲ್ಲ. ರಾಜ್ಯಗಳು ಲೆಕ್ಕ ಕಳಿಸಿಲ್ಲ. ಪಾಪ, ಟೀವಿಲಿ ನಗೆಪಾಟಲಾಗ್ತಾರೆ. ನನ್ನ ಹಳೇ ಸ್ನೇಹಿತ. ಇನ್ನೊಂದು, ನಿಮಗೂ ಒಳ್ಳೇದಲ್ಲ. ಉಪಪ್ರಶ್ನೆಗೆ ಯಾರಾದ್ರೂ ಎದ್ದು, ನಿಮ್ಮ ಕಾರ್ಖಾನೇಲಿ ಎಷ್ಟು ಜನ ಸತ್ರು ಅಂತ ಕೇಳಿದ್ರೆ?"

ಖಾಲಿ ತಟ್ಟೆ ಎತ್ತಿಟ್ಟೆ.

"ವಾಪಸ್ ತಗೊಳ್ಳಿ ಅನ್ನಲ್ಲ, ಅದು ಪತ್ರಿಕೇಲಿ ಬರುತ್ತೆ. ನಿಮ್ಮ ಹೆಸರು ಕರೆಯೋ ಹೊತ್ತಿಗೆ ಜಾಗದಲ್ಲಿ ಇರಬೇಡಿ, ಅಷ್ಟೇ. ಎಷ್ಟೋ ಜನರಿಗೆ ಆಗುತ್ತೆ. ಮುಂದಿನ ಪ್ರಶ್ನೆಗೆ ಹೋಗ್ತಾರೆ. ನಿಮ್ಮದಕ್ಕೆ ಲಿಖಿತ ಉತ್ತರ ಬರುತ್ತೆ, ಮೇಜಿನ ಮೇಲೆ ಇಡ್ತಾರೆ. ಐದು ನಿಮಿಷ ನನ್ನ ಜೊತೆ ಕಾಫಿ ಕುಡೀರಿ."

ಅವರು ಏನೂ ಕೊಡುತ್ತೇನೆ ಅನ್ನಲಿಲ್ಲ, ಹೆದರಿಸಲೂ ಇಲ್ಲ. ಒಬ್ಬ ಮನುಷ್ಯ ನನ್ನ ಮನೆಗೆ ಬಂದು ನನ್ನಿಂದ ಏನೋ ಬೇಕು ಅಂದ. ಮೂರು ವಾರದಿಂದ ಈ ಊರಿಗೆ ನನ್ನಿಂದ ಏನೂ ಬೇಕಾಗಿರಲಿಲ್ಲ. ನೋಡೋಣ ಅಂದೆ.

ಹೇಗೂ ಲಿಖಿತ ಉತ್ತರ ಬರುತ್ತದೆ. ಕೇಳಿದ ಹಾಗೇ ಲೆಕ್ಕ. ಅದರ ಪ್ರತಿಯನ್ನು ಮಿಸ್ತ್ರಿಗೆ ಕಳಿಸಬಹುದು.

ಡಿಸೆಂಬರ್ ೧೦, ಮಂಗಳವಾರ

ಆಯಿತು. ಕಾಫಿ ಚೆನ್ನಾಗಿತ್ತು. ಲಿಖಿತ ಉತ್ತರದಲ್ಲಿ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂದಿದೆ.

ಡಿಸೆಂಬರ್ ೧೧, ಬುಧವಾರ

ಬೆಳಿಗ್ಗೆ ಹಂಸಾ ಫೋನ್ ಮಾಡಿದ್ದಳು.

"ಕಾಕಾ, ಹುಷಾರಾಗಿದ್ದೀರಾ? ಅಪ್ಪ ನಿನ್ನೆಯಿಂದ ಒಂದೇ ಸಮ ಕೇಳ್ತಿದ್ದಾರೆ. ನಮ್ಮನೇಲಿ ಅಚ್ಚಿನ ಶೆಡ್ಡಿನವರು ಇಪ್ಪತ್ತೆರಡು ಜನ ಬಂದು ಟೀವಿ ಮುಂದೆ ಕೂತಿದ್ರು. ನಿಮ್ಮ ಹೆಸರು ಕರೆದ್ರು, ನೀವು ಇರಲಿಲ್ಲ."

"ಜ್ವರ ಬಂದಿತ್ತಮ್ಮ" ಅಂದೆ.

"ಹೌದಾ? ಎಷ್ಟಿತ್ತು?"

"ನೂರ ಎರಡು."

ಯಾಕೆ ನೂರ ಎರಡು ಅಂದೆನೋ. ಜ್ವರ ಅಂದರೆ ಸಾಕಾಗಿತ್ತು. ಅವಳು ಮಾತ್ರೆಯ ಹೆಸರು ಹೇಳಿದಳು, ಬಿಸಿನೀರು ಕುಡೀರಿ ಅಂದಳು. ಮಧ್ಯಾಹ್ನ ಸೆಂಟ್ರಲ್ ಹಾಲಿಗೆ ಹೋದೆ. ರಾಯ್‌ಜಾದಾ ದೂರದಿಂದಲೇ ಕೈ ಎತ್ತಿ ಕರೆದರು. ಸಚಿವರೂ ಮೇಜಿಗೆ ಬಂದು ಹೆಗಲ ಮೇಲೆ ಕೈ ಇಟ್ಟು ಹೋದರು.

ಡಿಸೆಂಬರ್ ೧೪, ಶನಿವಾರ

ಇಸ್ಪೀಟು ಇವತ್ತು ನನ್ನ ಫ್ಲಾಟಿನಲ್ಲಿ. ಆರು ಜನ ಬಂದಿದ್ದರು. ಬಿಶನ್ ಸಿಂಗ್ ಪಕೋಡಾ ಕರಿಯುತ್ತಿದ್ದ. ಹನ್ನೊಂದರ ಹೊತ್ತಿಗೆ ಬಾಗಿಲು ತಟ್ಟಿದರು. ನಾನೇ ತೆರೆದೆ. ಪರಸೋತ್ತಮ ಮಿಸ್ತ್ರಿ. ಎರಡು ಮಹಡಿ ಮೆಟ್ಟಿಲು ಹತ್ತಿಬಂದು, ಕಂಬಿ ಹಿಡಿದು, ಬಾಯಿ ತೆರೆದು ಉಸಿರೆಳೆಯುತ್ತಿದ್ದರು. ಲಿಫ್ಟ್ ಇದೆ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಕೈಯಲ್ಲಿ ಬಟ್ಟೆಯ ಗಂಟು.

ಮಾತು ಬರಲು ಎರಡು ನಿಮಿಷ ಬೇಕಾಯಿತು. ಅಷ್ಟರಲ್ಲಿ ನನ್ನ ಹಿಂದೆ ಒಳಗೆ ಯಾರೋ ಜೋರಾಗಿ ನಕ್ಕರು.

"ಜ್ವರ ಬಿಡ್ತಾ?" ಅಂದರು.

"ಇವತ್ತು ಸ್ವಲ್ಪ ವಾಸಿ. ಸ್ನೇಹಿತರು ನೋಡೋಕೆ ಬಂದಿದ್ದಾರೆ" ಅಂದೆ. ಕೈಯಲ್ಲಿ ಇಸ್ಪೀಟಿನ ಎಲೆಗಳು ಹಾಗೇ ಇದ್ದವು.

ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂರಿಸಿದೆ. ಸ್ನೇಹಿತರಿಗೆ "ಊರಿನವರು" ಅಂದೆ. ಅವರು ಆಟ ಮುಗಿಸಿ ಹೋದರು. ಮಿಸ್ತ್ರಿ ಗಂಟು ಬಿಚ್ಚಿದರು. ಹಂಸಾ ಕೊಟ್ಟ ಸಜ್ಜೆ ರೊಟ್ಟಿ, ಬೆಲ್ಲ, ಒಣಶುಂಠಿ, ಓಮ. ಎರಡು ರಾತ್ರಿ ರೈಲಿನಲ್ಲಿ, ಒಬ್ಬರೇ. "ಅಳಿಯನ್ನ ಜೊತೆಗೆ ಕಳಿಸ್ತೀನಿ ಅಂದ್ಳು, ಅವನಿಗ್ಯಾಕೆ ರಜೆ ಹಾಳು ಅಂದೆ" ಅಂದರು.

ಡಿಸೆಂಬರ್ ೧೬, ಸೋಮವಾರ

ಸಭೆಗೆ ಹೋಗಲಿಲ್ಲ. ಹೋದರೆ ಜ್ವರ ಪೂರ್ತಿ ಬಿಟ್ಟ ಹಾಗಾಗುತ್ತದೆ.

ಮಿಸ್ತ್ರಿ ಬಿಶನ್ ಸಿಂಗನನ್ನು ಒಲೆಯಿಂದ ಎಬ್ಬಿಸಿ ತಾವೇ ಖಿಚಡಿ ಮಾಡಿದರು. ಒಂದು ಕೈ ಗೋಡೆಗೆ ಆನಿಸಿ, ಇನ್ನೊಂದರಲ್ಲಿ ಸೌಟು. ಶುಂಠಿ ಕಷಾಯ ಮೂರು ಹೊತ್ತು. "ಎದೆ ಬೆಚ್ಚಗಿಡಿ" ಅಂತ ನನ್ನ ಮಫ್ಲರನ್ನು ತಾವೇ ಸುತ್ತಿದರು. ಕಾಯಿಲೆ ಯಾರಿಗೆ, ಕಷಾಯ ಯಾರಿಗೆ ಅಂತ ಹೊರಗಿನವರು ನೋಡಿದ್ದರೆ ನಗುತ್ತಿದ್ದರು. ನಾನು ಕುಡಿದೆ. ಸ್ವಲ್ಪ ಕೆಮ್ಮಿಯೂ ತೋರಿಸಿದೆ.

ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಈ ಎರಡು ದಿನ ಬಹಳ ಸುಖವಾಗಿತ್ತು. ಮಧ್ಯಾಹ್ನ ಇಬ್ಬರೂ ಬಾಗಿಲು ಹಾಕಿ ಒಂದರಿಂದ ನಾಲ್ಕರವರೆಗೆ ಮಲಗಿದೆವು. ಪಕ್ಕದ ಕೋಣೆಯಿಂದ ಅವರ ಉಸಿರು ಕೇಳುತ್ತಿತ್ತು, ಒಣಗಿದ ಪಂಪು ಎಳೆಯುವ ಹಾಗೆ. ಆದರೂ ಮನೆಯಲ್ಲಿ ಇನ್ನೊಬ್ಬರು ಉಸಿರಾಡುತ್ತಿದ್ದಾರಲ್ಲ ಅನ್ನಿಸಿ ನಿದ್ದೆ ಬಂತು.

ಪ್ರಶ್ನೆಯ ವಿಷಯ ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಡಿಸೆಂಬರ್ ೧೭, ಮಂಗಳವಾರ

"ಬಂದಿದ್ದೀನಲ್ಲ, ಸಭೆ ನೋಡ್ಕೊಂಡು ಹೋಗ್ತೀನಿ" ಅಂದರು. ಪ್ರೇಕ್ಷಕರ ಗ್ಯಾಲರಿಗೆ ಪಾಸು ಮಾಡಿಸಿಕೊಟ್ಟೆ. ಒಗೆದ ಬಿಳಿ ಅಂಗಿ, ತಲೆಗೆ ಟೋಪಿ. ಮೇಲಿನ ಸಾಲಿನಲ್ಲಿ ಕೈ ಕಟ್ಟಿ ಕೂತಿದ್ದರು. ನಾನು ಕೆಳಗೆ ಕಂಬದ ಪಕ್ಕ.

ಹನ್ನೊಂದೂವರೆಗೆ ಕೆಮ್ಮು ಶುರುವಾಯಿತು. ಮೊದಲು ಸಣ್ಣಗೆ. ಬಾಯಿಗೆ ಟೋಪಿ ಒತ್ತಿಕೊಂಡಿದ್ದು ಕಾಣಿಸಿತು. ಆಮೇಲೆ ನಿಲ್ಲಲಿಲ್ಲ. ಉತ್ತರ ಓದುತ್ತಿದ್ದ ಸಚಿವರು ಎರಡು ಸಲ ತಡವರಿಸಿದರು. ಸಭಾಪತಿಗಳು ಕತ್ತೆತ್ತಿ ನೋಡಿದರು. ಬಿಳಿ ಸಮವಸ್ತ್ರದ ಇಬ್ಬರು ಬಂದು ಮಿಸ್ತ್ರಿಯ ತೋಳು ಹಿಡಿದು ಎಬ್ಬಿಸಿದರು. ಎಲ್ಲರೂ ಮೇಲೆ ನೋಡುತ್ತಿದ್ದರು.

ಪಕ್ಕದವರು, ಬಂದ ದಿನ "ಒಳ್ಳೇದು" ಅಂದವರೇ, ಪತ್ರಿಕೆ ಇಳಿಸಿ "ಯಾರ್ರೀ ಅದು? ನಿಮ್ಮ ಕಡೆಯವರ ಹಾಗೆ ಕಾಣ್ತಾರೆ" ಅಂದರು.

"ಗೊತ್ತಿಲ್ಲ" ಅಂದೆ.

ಯಾಕೆ ಹಾಗಂದೆ ಅಂತ ಬೆಳಗಿನಿಂದ ಯೋಚಿಸುತ್ತಿದ್ದೇನೆ. ಅವರು ಕೇಳಿದ್ದು ಸುಮ್ಮನೆ. ಹೌದು ಅಂದಿದ್ದರೆ ಏನೂ ಆಗುತ್ತಿರಲಿಲ್ಲ.

ಪ್ರಶ್ನೋತ್ತರ ಮುಗಿಯುವವರೆಗೆ ಕೂತಿದ್ದು ಹೊರಗೆ ಬಂದೆ. ಗೇಟಿನ ಹತ್ತಿರ ಕಟ್ಟೆಯ ಮೇಲೆ ಕೂತಿದ್ದರು. ಕಾವಲಿನವನೊಬ್ಬ ಚಹಾ ತಂದುಕೊಟ್ಟಿದ್ದ. "ಒಳಗೆ ನಿಮಗೆ ಮುಜುಗರ ಆಯ್ತೇನೋ ಶೇಠ್" ಅಂದರು. ಬೇರೆಯವರ ಮುಂದೆ ಮಾತ್ರ ಅವರು ನನ್ನನ್ನು ಶೇಠ್ ಅನ್ನುವುದು. ಕಾವಲಿನವನು ಪಕ್ಕದಲ್ಲೇ ನಿಂತಿದ್ದ.

ಡಿಸೆಂಬರ್ ೧೮, ಬುಧವಾರ

ಅಹಮದಾಬಾದಿನ ಗಾಡಿ ಮಧ್ಯಾಹ್ನ ಎರಡೂವರೆಗೆ. ಮಿಸ್ತ್ರಿಯನ್ನು ಕಿಟಕಿ ಪಕ್ಕ ಕೂರಿಸಿ, ನಾನು ಹೊರಗೆ ನಿಂತೆ. ಇನ್ನೂ ಇಪ್ಪತ್ತು ನಿಮಿಷ ಇತ್ತು.

"ಈಗ ಜ್ವರ ಪೂರ್ತಿ ಬಿಟ್ಟಿದೆ. ನಿಮ್ಮ ಕಷಾಯದಿಂದಲೇ" ಅಂದೆ.

ಮಿಸ್ತ್ರಿ ಕಿಟಕಿಯ ಸರಳು ಹಿಡಿದು ಮುಂದೆ ಬಗ್ಗಿದರು.

"ಜಾದವಭಾಯ್, ಅವತ್ತು ಟೀವಿಲಿ ಮೊದಲನೇ ಪ್ರಶ್ನೆ ನಡೀತಿತ್ತು. ಹಿಂದಿನ ಸಾಲು ತೋರಿಸಿದ್ರು. ನೀವು ಕಂಡ್ರಿ. ಹುಡುಗ್ರೆಲ್ಲ ಚಪ್ಪಾಳೆ ಹೊಡೆದ್ರು. ನೀವು ಎದ್ದು ಮಫ್ಲರ್ ಸರಿ ಮಾಡ್ಕೊಂಡ್ರಿ, ಸಭಾಪತಿಗೆ ಬಗ್ಗಿ ನಮಸ್ಕಾರ ಮಾಡಿ ಹೊರಗೆ ಹೋದ್ರಿ. ಜ್ವರ ಬಂದೋನು ಹಾಗೆ ನಡೆಯಲ್ಲ."

ನಾನು ಕತ್ತಿನ ಮಫ್ಲರ್ ಬಿಚ್ಚಿ ಮಡಚತೊಡಗಿದೆ.

"ಹುಡುಗ್ರಿಗೆ, ಶೇಠ್ ನೀರು ಕುಡಿಯೋಕೆ ಹೋಗಿದ್ದಾರೆ, ಬರ್ತಾರೆ ಅಂದೆ. ನಿಮ್ಮ ಹೆಸರು ಕರೆದ್ರು. ಆಮೇಲೆ ಮುಂದಿನದು ಕರೆದ್ರು. ನಾನೇ ಟೀವಿ ಆರಿಸಿ, ನಡೀರಿ ಕುಲುಮೆ ಹೊತ್ತಿಸೋಣ ಅಂದೆ."

"ಗೊತ್ತಿದ್ದೂ ಯಾಕೆ ಬಂದ್ರಿ ಮಿಸ್ತ್ರಿ? ಇಷ್ಟು ದೂರ, ಈ ಎದೆ ಇಟ್ಕೊಂಡು."

"ಕಬ್ಬಿಣ ಹರೀತಿರುವಾಗ ನೀವು ಯಾವತ್ತೂ ಜಾಗ ಬಿಟ್ಟೋರಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಒಂದ್ಸಲ ಬಿಟ್ಟಿಲ್ಲ. ಹಾಗೆ ಎದ್ದು ಹೋದ್ರಲ್ಲ, ಜ್ವರ ಅಲ್ಲದೆ ಬೇರೆ ಏನೋ ಕಾಯಿಲೆ ಇರಬೇಕು, ನೋಡ್ಕೊಂಡು ಬರೋಣ ಅಂತ ಬಂದೆ."

"ನೋಡಿದ್ರಾ?"

"ನೋಡ್ದೆ. ನಾಲ್ಕು ಕೋಣೆ, ಒಬ್ಬ ಮನುಷ್ಯ." ಉಸಿರು ಕೂಡಿಸಿಕೊಂಡರು. "ನಾನೂ ಬಯ್ಯಬೇಕು ಅಂತಲೇ ಗಾಡಿ ಹತ್ತಿದ್ದು. ಬಾಗಿಲಲ್ಲಿ ಆ ಎಲೆ ಹಿಡ್ಕೊಂಡು ನಿಂತಿದ್ರಲ್ಲ, ಹಿಡಿಯೋಕೂ ಬರ್ತಿರಲಿಲ್ಲ ನಿಮಗೆ. ಬಯ್ಯೋಕೆ ಮನಸ್ಸಾಗ್ಲಿಲ್ಲ."

ಗಾಡಿ ಅಲುಗಿತು. ಸರಳಿನ ಮೇಲಿದ್ದ ಅವರ ಕೈ ಹಿಡಿದು ನಾಲ್ಕು ಹೆಜ್ಜೆ ನಡೆದೆ. "ಬಿಡಿ, ಬೀಳ್ತೀರಿ" ಅಂದರು. ಬಿಟ್ಟೆ. ಸಂಸದರ ರೈಲು ಪಾಸು ನನ್ನ ಜೇಬಿನಲ್ಲೇ ಇತ್ತು. ಯಾವ ದಿನ, ಯಾವ ಗಾಡಿ, ಯಾವ ದರ್ಜೆಯಾದರೂ ಹತ್ತಬಹುದು. ಜೊತೆಗೆ ಹೋಗಬೇಕೆಂದು ಹೊಳೆದದ್ದು ಗಾಡಿ ಹೋದಮೇಲೆ.

ಮನೆಗೆ ಬಂದಾಗ ಫೋನ್ ಬಡಿಯುತ್ತಿತ್ತು. ರಾಯ್‌ಜಾದಾ ಇರಬೇಕು. ಎತ್ತಲಿಲ್ಲ.

ಡಿಸೆಂಬರ್ ೧೯, ಗುರುವಾರ

ನಾಳೆ ಅಧಿವೇಶನದ ಕೊನೆಯ ದಿನ. ಇನ್ನು ಪ್ರಶ್ನೆಗೆ ಕಾಲವಿಲ್ಲ, ಹದಿನೈದು ದಿನ ಮೊದಲೇ ಕೊಡಬೇಕು. ಶೂನ್ಯ ವೇಳೆಗಾದರೆ ಬೆಳಿಗ್ಗೆ ಹತ್ತರೊಳಗೆ ಚೀಟಿ ಕೊಟ್ಟು ಸಭಾಪತಿಗಳ ಅನುಮತಿ ಕೇಳಬಹುದು. ಒಂಬತ್ತಕ್ಕೇ ಹೋಗಿ ಕೊಟ್ಟೆ. ಆ ಗುಮಾಸ್ತನೇ ಇದ್ದ. "ಸರ್, ಶೂನ್ಯ ವೇಳೆ ಟೀವಿಲಿ ಬರಲ್ಲ" ಅಂದ. ಗೊತ್ತಪ್ಪಾ ಅಂದೆ. ಮೂರು ನಿಮಿಷ ಸಿಕ್ಕಿತು.

ಹೋಗುವ ದಾರಿಯಲ್ಲಿ ರಾಯ್‌ಜಾದಾ ಸಿಕ್ಕರು. ಪಟ್ಟಿ ನೋಡಿದ್ದರು. "ಯಾಕೆ ಸಾಹೇಬ್ರೇ? ಎಲ್ಲಾ ಮುಗಿದಿತ್ತಲ್ಲ. ಸಚಿವರಿಗೆ ನಾನು ಏನು ಹೇಳ್ಲಿ?"

"ನಾನು ಜಾಗದಲ್ಲಿದ್ದೆ ಅಂತ ಹೇಳಿ."

ಅವರಿಗೆ ನಿಜಕ್ಕೂ ನೋವಾಯಿತು. ನನಗೂ. ಒಳ್ಳೆಯ ಮನುಷ್ಯ, ಬೆಲ್ಲ ನೆನಪಿಟ್ಟುಕೊಂಡವರು. ಬಂದ ದಾರಿಯಲ್ಲೇ ಹೋದರು.

ಹನ್ನೆರಡಕ್ಕೆ ಪ್ರಶ್ನೋತ್ತರ ಮುಗಿಯಿತು. ದೀಪಗಳನ್ನು ಇಳಿಸಿದರು, ಕ್ಯಾಮೆರಾ ನಿಂತಿತು. ಮುಕ್ಕಾಲು ಜನ ಎದ್ದು ಊಟಕ್ಕೆ ಹೊರಟರು. ರಾಯ್‌ಜಾದಾರ ಸಾಲು ಪೂರ್ತಿ ಖಾಲಿಯಾಯಿತು. ನನ್ನ ಹೆಸರು ಕರೆದರು. ಎದ್ದೆ. ಪಕ್ಕದವರು ಹೊರಗೆ ಹೋಗಲು ನನ್ನ ಮೊಣಕಾಲು ದಾಟುತ್ತಿದ್ದರು, ಅವರಿಗೆ ಜಾಗ ಬಿಟ್ಟು ಶುರು ಮಾಡಿದೆ.

ನನ್ನ ಹಿಂದಿ ಒಡ್ಡೊಡ್ಡಾಗಿದೆ. ನಾನೊಬ್ಬ ಎರಕದ ಕಾರ್ಖಾನೆಯ ಮಾಲೀಕ ಅಂದೆ. ಎರಕ ಒಡೆದು ಮರಳು ಉದುರಿಸುವ ನಮ್ಮ ಕೊಟ್ಟಿಗೆಗೆ ಇಪ್ಪತ್ತೆಂಟು ವರ್ಷದಲ್ಲಿ ಒಂದು ಫ್ಯಾನು ಹಾಕಿಸಿಲ್ಲ, ಹಾಕಿಸಬೇಕಾದವನು ನಾನು ಅಂದೆ. ಒಂಬತ್ತು ವರ್ಷದಲ್ಲಿ ನಮ್ಮವರು ನಾಲ್ಕು ಜನ ಸತ್ತರು, ನಾಲ್ವರಿಗೂ ಕ್ಷಯ ಎಂದು ಬರೆದರು, ಬರೆದ ಕಾಗದಕ್ಕೆ ನಾನು ಸಹಿ ಹಾಕಿದೆ ಅಂದೆ. ಪೀಠದಲ್ಲಿದ್ದವರು ತಲೆ ಎತ್ತಿದರು. ನಾನು ಹೆಸರು ಹೇಳತೊಡಗಿದೆ. ರಣಛೋಡ್ ಸೋಲಂಕಿ. ಹಮೀರ್ ಪರಮಾರ್. ಗಂಟೆ ಬಾರಿಸಿದರು. ವಲ್ಲಭ್ ಮಕ್ವಾಣಾ. "ನಿಮ್ಮ ಸಮಯ ಮುಗಿಯಿತು, ಕುಳಿತುಕೊಳ್ಳಿ" ಅಂದರು, ಮೈಕನ್ನು ಮುಂದಿನವರಿಗೆ ಕೊಟ್ಟರು. ನಾಲ್ಕನೆಯ ಹೆಸರನ್ನು ಮೈಕಿಲ್ಲದೆ ಹೇಳಿ ಕೂತೆ. ಮುಂದಿನ ಸದಸ್ಯರು ಅದಾಗಲೇ ತಮ್ಮ ಊರಿನ ರೈಲು ಸೇತುವೆಯ ಬಗ್ಗೆ ಶುರು ಮಾಡಿದ್ದರು.

ಯಾರೂ ತಿರುಗಿ ನೋಡಲಿಲ್ಲ. ಅಕ್ಕಪಕ್ಕ ಖಾಲಿ. ಊರಲ್ಲಿ ಯಾರೂ ನೋಡಿರಲಾರರು. ಮಿಸ್ತ್ರಿಯ ಗಾಡಿ ಈ ಹೊತ್ತಿಗೆ ರಾಜ್‌ಕೋಟಿನ ದಾರಿಯಲ್ಲಿ ವೀರಮಗಾಮ್ ದಾಟುತ್ತಿರಬೇಕು.

ಹತ್ತು ನಿಮಿಷದ ಮೇಲೆ ಸೇವಕನೊಬ್ಬ ಒಂದು ಚೀಟಿ ತಂದುಕೊಟ್ಟ. ಸಭೆಯ ನಡುವೆ ಮೇಜಿನ ಮುಂದೆ ಕೂತು ಎಲ್ಲರ ಮಾತನ್ನೂ ಬರೆದುಕೊಳ್ಳುವ ವರದಿಗಾರರದು. ನೋಡಿದೆ. ನರೆತ ಕೂದಲಿನ ಹೆಂಗಸು, ಕನ್ನಡಕ ಹಣೆಗೇರಿಸಿ ನನ್ನ ಕಡೆಯೇ ನೋಡುತ್ತಿದ್ದರು. "ಮಾನ್ಯ ಸದಸ್ಯರೇ, ನಾಲ್ಕನೆಯ ಹೆಸರು ಕೇಳಿಸಲಿಲ್ಲ. ದಾಖಲೆಗಾಗಿ ಎಲ್ಲ ಹೆಸರುಗಳನ್ನೂ ಬರೆದುಕೊಡಿ" ಎಂದಿತ್ತು. ಕೆಳಗೆ ಐದು ಗೆರೆ ಎಳೆದಿದ್ದರು.

ಬರೆದೆ. ರಣಛೋಡ್ ಸೋಲಂಕಿ, ಅಚ್ಚಿನ ಕೆಲಸ. ಹಮೀರ್ ಪರಮಾರ್, ಮರಳು ಜರಡಿ. ವಲ್ಲಭ್ ಮಕ್ವಾಣಾ, ಎರಕ ಒಡೆಯುವ ಕೆಲಸ. ಇಸ್ಮಾಯಿಲ್ ಜುಣೇಜಾ, ಎರಕ ಒಡೆಯುವ ಕೆಲಸ.

ಐದನೆಯ ಗೆರೆಯ ಮೇಲೆ ಪೆನ್ನು ನಿಂತಿತು. ಆ ಹೆಸರು ನನಗೆ ಗೊತ್ತು, ಮೊನ್ನೆ ಪಕ್ಕದ ಕೋಣೆಯಿಂದ ಅವರ ಉಸಿರು ಕೇಳಿದ್ದೆ. ಸೇವಕ ಕೈ ಚಾಚಿ ಕಾಯುತ್ತಿದ್ದ. ಗೆರೆಯನ್ನು ಖಾಲಿ ಬಿಟ್ಟು ಚೀಟಿ ಕೊಟ್ಟೆ.